ಗುಡ್ನಾಪುರದ ಕೆರೆಯೂ ಬನವಾಸಿ ಸೀಮೆಯ ತಟಾಕಶಾಸನಗಳೂ

೧. ಸೀಮೆಯ ಸ್ವರೂಪ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗವು ನೀರಿನ ದೃಷ್ಟಿಯಿಂದ ಎರಡು ಬಗೆಯಾಗಿದೆ. ಪಡುವಣ ದಿಕ್ಕಿನ ಜೋಯಿಡಾ, ದಾಂಡೇಲಿ ಪ್ರದೇಶಗಳು ನದಿಯ ನಾಡು. ಅಲ್ಲಿ ಕಾಡು ದಟ್ಟವಾದುದು, ಮಳೆ ಹೆಚ್ಚು, ಹೊಳೆಹಳ್ಳಗಳು ತುಂಬಿ ಹರಿಯತಕ್ಕವು. ಮೂಡಣಕ್ಕೆ ಸರಿದು ಹಳಿಯಾಳ, ಮುಂಡಗೋಡಗಳ ಕಡೆಗೆ ಬಂದಂತೆ ಕಾಡು ತೆಳುವಾಗಿ, ಮಳೆಯೂ ಇಳಿದು, ಗುಡ್ಡಗಳ ನಡುವೆ ಬತ್ತದ ಬಯಲುಗಳು ಕಾಣಿಸಿಕೊಳ್ಳುತ್ತವೆ. ಇದು ಕೆರೆಗಳ ನಾಡು. ಮುಂಡಗೋಡದಿಂದ ತೆಂಕಣಕ್ಕೆ ಇದೇ ಅರೆಮಲೆನಾಡಿನ ಅಂಚು ಮುಂದುವರಿದು, ಶಿರಸಿ ತಾಲ್ಲೂಕಿನ ಪೂರ್ವಭಾಗದಲ್ಲಿ ವರದಾ ನದಿಯ ದಡದ ಬನವಾಸಿಯನ್ನು ಮುಟ್ಟುತ್ತದೆ. ಬನವಾಸಿಗೆ ಸುಮಾರು ೫ ಕಿಲೋಮೀಟರು ದೂರದಲ್ಲಿ, ವಿಸ್ತಾರವಾದ ಕೆರೆಯೊಂದರ ದಡದಲ್ಲಿ ಗುಡ್ನಾಪುರವೆಂಬ ಹಳ್ಳಿಯುಂಟು.

ಬನವಾಸಿಗೆ ಬರುವ ಯಾತ್ರಿಕರೂ ವಿದ್ಯಾರ್ಥಿಗಳೂ ಮಧುಕೇಶ್ವರನ ದರ್ಶನವನ್ನು ಮಾಡಿ, ಪಂಪನು ಈ ನಾಡನ್ನು ಹೊಗಳಿದ ಪದ್ಯಗಳನ್ನು ನೆನೆದು ಹಿಂದಿರುಗುವುದು ವಾಡಿಕೆ. ಗುಡ್ನಾಪುರದವರೆಗೆ ಹೋಗುವವರು ಕೆಲವರು. ಹೋದವರಲ್ಲಿಯೂ ಶಾಸನಸ್ತಂಭವನ್ನು ನೋಡುವವರು ಕೆರೆಯನ್ನು ನೋಡರು, ಕೆರೆಯ ಮೀನಿಗೂ ಹಕ್ಕಿಗೂ ಮನಸೋತವರು ಶಾಸನವನ್ನು ನೋಡರು. ಆದರೆ ಈ ಸೀಮೆಯ ಪ್ರಾಚೀನ ಲಿಖಿತಾಧಾರಗಳನ್ನು ಒಟ್ಟಿಗೆ ಇಟ್ಟು ಅವಲೋಕಿಸಿದರೆ ಕೆರೆಯೂ ಶಾಸನವೂ ಬೇರೆಬೇರೆಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಕದಂಬರ ಚರಿತ್ರೆಗೆ ಆಧಾರವಾದ ಮುಖ್ಯ ಶಾಸನಗಳಲ್ಲಿ ಹಲವು ಕೆರೆಯ ನಿಮಿತ್ತವಾಗಿಯೇ, ಅಥವಾ ಕೆರೆಯನ್ನು ಕುರಿತೇ, ಹುಟ್ಟಿದವು. ಈ ಅಂಶವನ್ನು ವಿಶದಪಡಿಸಿ, ಗುಡ್ನಾಪುರವನ್ನೂ ಅದರ ನೆರೆಯ ಸ್ಥಳಗಳನ್ನೂ ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ನದಿಯ ನಾಡಿನ ಹೊಸ ಸರೋವರ

ಕೆರೆಯ ನಾಡಿನ ವಿಶೇಷವು ತಿಳಿಯಬೇಕಾದರೆ ಮೊದಲು ನದಿಯ ನಾಡನ್ನು ಸಂಕ್ಷೇಪವಾಗಿ ನೋಡುವುದು ಯುಕ್ತ. ಕಾಳೀ ನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು ೧೮೪ ಕಿಲೋಮೀಟರು ಹರಿದು, ಕಾರವಾರದ ಹತ್ತಿರ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಾಳಿಗೆ ಪಾಂಢರಿಯು ಕೂಡುವೆಡೆಯಲ್ಲಿ ಸೂಪಾ ಎಂಬ ಊರಿದ್ದಿತು; ತಾಲ್ಲೂಕಿಗೂ ಅದೇ ಹೆಸರು. ಜಲವಿದ್ಯುತ್ತಿಗಾಗಿ ಗಣೇಶಗುಡಿಯ ಬಳಿ ೧೦೧ ಮೀಟರು ಎತ್ತರದ ಅಣೆಕಟ್ಟು ಎದ್ದು, ೧೯೮೦ರ ದಶಕದಲ್ಲಿ ನೀರು ನಿಂತಾಗ ಸೂಪಾ ಮುಳುಗಿತು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂದಿತು. ಇಂದು ಸೂಪಾ ಎಂಬುದು ಅಣೆಕಟ್ಟಿನ ಹೆಸರಾಗಿ ಉಳಿದಿದೆಯೇ ಹೊರತು ಊರಿನ ಹೆಸರಾಗಿಯಲ್ಲ.

ಈ ಭಾಗದ ಐತಿಹಾಸಿಕ ಸ್ಥಳಗಳಲ್ಲಿ ಉಳವಿಯು ಪ್ರಧಾನವಾದುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ವಿಪ್ಲವದ ತರುವಾಯ ಶರಣರ ಒಂದು ತಂಡವು ಚೆನ್ನಬಸವಣ್ಣನೊಡನೆ ಈ ಕಾಡನ್ನು ಸೇರಿತೆಂದೂ, ಚೆನ್ನಬಸವಣ್ಣನು ಇಲ್ಲಿಯೇ ಐಕ್ಯನಾದನೆಂದೂ ವೀರಶೈವ ಪರಂಪರೆಯು ಹೇಳುತ್ತದೆ. ಅವನ ಸಮಾಧಿಯೂ, ಸುತ್ತಣ ಗವಿಗಳೂ, ಮಾಘಮಾಸದ ಜಾತ್ರೆಯೂ ಆ ನೆನಪನ್ನು ಉಳಿಸಿವೆ. ಕಾಡೇ ಇಲ್ಲಿ ಆಶ್ರಯ, ನದಿಯೇ ಜೀವನ. ಮನುಷ್ಯನು ನೀರನ್ನು ಕಟ್ಟಿ ನಿಲ್ಲಿಸಬೇಕಾದ ಅಗತ್ಯ ಈ ಭಾಗದಲ್ಲಿ ಹಿಂದೆ ಹೆಚ್ಚಾಗಿ ಇರಲಿಲ್ಲ. ಕಟ್ಟಿದಾಗ, ಅದು ದೂರದ ಊರುಗಳ ವಿದ್ಯುತ್ತಿಗಾಗಿ. ಆ ನೀರು ಹಳೆಯ ಊರೊಂದನ್ನು ನುಂಗಿತು. ಮೂಡಣ ಸೀಮೆಯಲ್ಲಿ ನಡೆದುದು ಇದಕ್ಕೆ ವಿಪರ್ಯಯ. ಅಲ್ಲಿ ಕಟ್ಟಿ ನಿಲ್ಲಿಸಿದ ನೀರಿನಿಂದಲೇ ಊರುಗಳು ಹುಟ್ಟಿದವು.

೩. ಕೆರೆಯ ಅಂಗಗಳು

ಮುಂಡಗೋಡ-ಬನವಾಸಿಗಳ ಅರೆಮಲೆನಾಡಿನಲ್ಲಿ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದುಹೋಗುತ್ತದೆ. ಬತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ ಮಳೆ ಹಿಂದೆಗೆದರೆ ಬೆಳೆ ಜೊಳ್ಳಾಗುವುದು. ಈ ಕೊರತೆಯನ್ನು ನೀಗುವುದಕ್ಕೆ ಎರಡು ಗುಡ್ಡಗಳ ನಡುವಣ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ ನೀರನ್ನು ನಿಲ್ಲಿಸುವುದೇ ಸುಲಭೋಪಾಯ. ಏರಿಯ ಬುಡದಲ್ಲಿ ನೀರು ಬಿಡುವ ತೂಬು. ಒಂದು ಪಕ್ಕಕ್ಕೆ, ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿ. ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ. ಮೇಲ್ಗಡೆ ಜಲಾನಯನದ ಕಾಡು: ಇವು ಕೆರೆಯ ಅಂಗಗಳು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದವು ನಿಲ್ಲವು. ಮೇಲಣ ಕಾಡು ಬೋಳಾದರೆ ಮಣ್ಣು ಕೊಚ್ಚಿ ಬಂದು ಕೆರೆಯು ಹೂಳುತ್ತದೆ. ತೂಬು ಕಟ್ಟಿಕೊಂಡರೆ ಗದ್ದೆ ಒಣಗುತ್ತದೆ. ಕೋಡಿಯನ್ನು ಮುಚ್ಚಿದರೆ ಏರಿ ಒಡೆಯುತ್ತದೆ.

ಆದುದರಿಂದ ಕೆರೆಯನ್ನು ಕಟ್ಟಿಸುವುದಕ್ಕಿಂತ ಅದನ್ನು ಕಾಪಾಡುವುದೇ ಕಷ್ಟವೆಂಬುದನ್ನು ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಕನ್ನಡ ಶಾಸನಗಳಲ್ಲಿ ಅಡಿಗಡಿಗೂ ಬರುವ ಬಿತ್ತುವಟ್ಟ, ಕಟ್ಟುಗೊಡಗೆ, ದಸವಂದ ಎಂಬ ಪದಗಳು ಈ ಅರಿವಿನ ಗುರುತುಗಳು. ಕೆರೆಯನ್ನು ಕಟ್ಟಿಸಿದವನಿಗೂ, ಅದರ ಹೂಳೆತ್ತಿ ಏರಿಯನ್ನು ನೋಡಿಕೊಳ್ಳುವವನಿಗೂ ಕೆರೆಯ ಕೆಳಗಣ ಭೂಮಿಯಲ್ಲಿ ಅಥವಾ ಅದರ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡುವ ಏರ್ಪಾಡುಗಳಿವು. ಸಾಹಿತ್ಯದ ಉಪಾಧ್ಯಾಯರು ಈ ಪದಗಳನ್ನು ಬೋಧಿಸುವಾಗ ನಿಘಂಟಿನ ಅರ್ಥವನ್ನು ಹೇಳಿ ಮುಂದಕ್ಕೆ ಹೋಗುವುದುಂಟು. ಏರಿಯ ಮೇಲೆ ನಿಂತು ತೂಬಿನ ಬಾಯನ್ನೂ ಗದ್ದೆಯ ಬಯಲನ್ನೂ ಒಂದೇ ನೋಟದಲ್ಲಿ ಕಂಡ ವಿದ್ಯಾರ್ಥಿಗೆ ಈ ಮಾತುಗಳ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ನೀರು ನಿಂತಲ್ಲಿ ಮೀನು, ಮೀನಿರುವಲ್ಲಿ ಹಕ್ಕಿ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯ ಜಲಾಶಯವು ಈಗ ಪಕ್ಷಿಧಾಮವಾಗಿ ರಕ್ಷಿತವಾಗಿದೆ. ಅದರ ವಿಸ್ತೀರ್ಣವು ೨.೨೩ ಚದರ ಕಿಲೋಮೀಟರು. ನೀರುಕಾಗೆ, ಬೆಳ್ಳಕ್ಕಿ, ಚಮಚದ ಕೊಕ್ಕಿನ ಹಕ್ಕಿ ಮೊದಲಾದವು ಅಲ್ಲಿ ನೆರೆಯುವುದಕ್ಕೆ ನೀರಿನ ಮೀನೂ ಹುಳುಹುಪ್ಪಟೆಯೂ ಕಾರಣ. ಗದ್ದೆಗಾಗಿ ಕಟ್ಟಿದ ಕೆರೆಯು ಹೀಗೆ ತಾನಾಗಿಯೇ ಇನ್ನೊಂದು ಜೀವಲೋಕಕ್ಕೆ ಆಶ್ರಯವಾಗುತ್ತದೆ.

೪. ಗಾಳವೂ ಕೂಣಿಯೂ

ಈ ಸೀಮೆಯ ಕೆರೆಯೇರಿಗಳ ಮೇಲೆ ಗಾಳ ಹಾಕಿ ಕುಳಿತಿರುವವರನ್ನು ಕಾಣುವುದು ಸಾಮಾನ್ಯ. ಬಿದಿರಿನ ಕೋಲು, ದಾರ, ಗಾಳ, ಎರೆ: ಇಷ್ಟೇ ಸಾಧನ. ಇಲ್ಲಿ ‘ಎರೆ’ ಎಂಬ ಮಾತು ಗಮನಾರ್ಹವಾದುದು. ಹಕ್ಕಿ, ಹಾವು ಮೊದಲಾದ ಪ್ರಾಣಿಗಳ ಆಹಾರವೆಂಬುದೂ, ಮೀನಿಗೆ ಒಡ್ಡುವ ತಿನಿಸೆಂಬುದೂ ಅದರ ಅರ್ಥ. ತಮಿಳಿನ ‘ಇರೈ’, ತೆಲುಗಿನ ‘ಎರ’ ಇದಕ್ಕೆ ಜ್ಞಾತಿಶಬ್ದಗಳು. ಗಾಳಕ್ಕೆ ಸಿಕ್ಕಿಸುವ ಹುಳುವು ಎರೆಹುಳುವಾಯಿತು. ಇಂದು ಆ ಹುಳುವನ್ನು ಗೊಬ್ಬರದ ಸಂಬಂಧದಿಂದ ಮಾತ್ರ ಬಲ್ಲ ಮಕ್ಕಳಿಗೆ, ಅದರ ಹೆಸರಿನಲ್ಲಿ ಗಾಳಗಾರನ ಕಸಬು ಅಡಗಿದೆಯೆಂಬುದು ತಿಳಿಯದು.

ಗಾಳವು ಒಬ್ಬನ ಉದ್ಯೋಗವಾದರೆ, ಕೆರೆಬೇಟೆಯು ಸಮಸ್ತ ಗ್ರಾಮದ ಉದ್ಯೋಗ. ಶಿರಸಿ, ಸಿದ್ದಾಪುರ, ಸೊರಬ, ಸಾಗರ ಮೊದಲಾದ ಕಡೆಗಳಲ್ಲಿಯೂ ಸುತ್ತಣ ಸೀಮೆಗಳಲ್ಲಿಯೂ ಬೇಸಗೆಯ ಕೊನೆಗೆ, ಕೆರೆಯ ನೀರು ಮೊಣಕಾಲಿನಿಂದ ಸೊಂಟದ ಮಟ್ಟಕ್ಕೆ ಇಳಿದಾಗ, ಇದು ನಡೆಯುತ್ತದೆ. ಗ್ರಾಮದವರು ದಿನವನ್ನು ಗೊತ್ತುಮಾಡಿ ಸುತ್ತಣ ಹಳ್ಳಿಗಳಿಗೆ ತಿಳಿಸುವರು. ಇದರ ಮುಖ್ಯ ಸಾಧನವು ಕೂಣಿ. ಅದು ಬಿದಿರಿನ ಸೀಳುಗಳಿಂದ ಹೆಣೆದುದು; ಬುಡದಲ್ಲಿ ಅಗಲ, ಮೇಲೆ ಕಿರಿದು, ಎರಡು ಕಡೆಗೂ ಬಾಯಿ. ಕೂಣಿಯೊಂದಕ್ಕೆ ಇಷ್ಟೆಂದು ಹಣವನ್ನು ನಿಗದಿಮಾಡಿ, ಕೂಡಿದ ಹಣವನ್ನು ಊರ ದೇವಾಲಯಕ್ಕೋ ಇತರ ಸಾರ್ವಜನಿಕ ಕಾರ್ಯಕ್ಕೋ ವಿನಿಯೋಗಿಸುವುದು ಪದ್ಧತಿ. ಪೂಜೆಯಾದ ಮೇಲೆ ಸೂಚನೆಯನ್ನು ಕೊಟ್ಟೊಡನೆ ಏರಿಯ ಮೇಲೆ ಸಾಲುಗಟ್ಟಿ ನಿಂತವರೆಲ್ಲರೂ ಒಮ್ಮೆಗೇ ನೀರಿಗಿಳಿಯುವರು. ಕೂಣಿಯನ್ನು ಕೆಸರಿಗೆ ಒತ್ತಿದಾಗ ಒಳಗೆ ಮೀನು ಸಿಕ್ಕಿದ್ದರೆ ಅದು ಹೆಣಿಗೆಗೆ ಬಡಿಯುವುದು ಕೈಗೆ ಗೊತ್ತಾಗುತ್ತದೆ. ಕೂಡಲೇ ಮೇಲಣ ಬಾಯಿಂದ ಕೈಯನ್ನು ಇಳಿಸಿ ಹಿಡಿಯುವರು. ಸೂಚನೆಗೆ ಮುನ್ನ ಯಾರೂ ಇಳಿಯಬಾರದು. ಕೆರೆಯು ಒಬ್ಬನದಲ್ಲ, ಎಲ್ಲರದು ಎಂಬ ತತ್ತ್ವವು ಈ ಕಟ್ಟಳೆಯಲ್ಲಿ ಅಡಗಿದೆ.

ಕೆರೆಯ ಮೀನಿನ ಸ್ವರೂಪವೂ ಕಾಲಕ್ರಮದಲ್ಲಿ ಬದಲಾಗಿದೆ. ಕೊರವ, ಚೇಳುಮೀನು ಮುಂತಾದವು ಇಲ್ಲಿಯ ನಿಂತ ನೀರಿಗೂ ಕೆಸರಿಗೂ ಒಗ್ಗಿದವು. ಅವು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲವಾದ್ದರಿಂದ ನೀರು ಬತ್ತಿದಾಗಲೂ ಕೆಲಕಾಲ ಬದುಕುತ್ತವೆ. ಕಾಟ್ಲಾ, ರೋಹು, ಮೃಗಾಲಗಳು ಮೂಲತಃ ಉತ್ತರದ ಮಹಾನದಿಗಳ ಮೀನುಗಳು. ಹರಿಯುವ ನೀರಿಲ್ಲದೆ ಅವು ಮೊಟ್ಟೆಯಿಡವು. ೧೯೫೭ರಲ್ಲಿ ಹೀರಾಲಾಲ ಚೌಧುರಿಯವರು ಗ್ರಂಥಿರಸವನ್ನು ಚುಚ್ಚಿ ಇವುಗಳನ್ನು ಮರಿಮಾಡಿಸುವ ಕ್ರಮವನ್ನು ಸಾಧಿಸಿದ ಮೇಲೆ, ದೇಶದ ಕೆರೆಗಳಿಗೆ ಮೀನುಮರಿಗಳನ್ನು ತಂದು ಬಿಡುವುದು ವ್ಯಾಪಕವಾಯಿತು. ಇದಕ್ಕೆ ಕನ್ನಡದಲ್ಲಿ ‘ಬಿತ್ತನೆ’ ಎಂದೇ ಹೆಸರು. ಗದ್ದೆಯಲ್ಲಿ ಬಿತ್ತುವಂತೆ ಕೆರೆಯಲ್ಲಿಯೂ ಬಿತ್ತುವುದು. ಗದ್ದೆಯ ಭಾಷೆಯೇ ನೀರಿಗೂ ಇಳಿದಿದೆ.

ಮೀನುಗಾರಿಕೆಯು ಕೇವಲ ಬಡವರ ಕಸಬಾಗಿತ್ತೆಂದು ಭಾವಿಸುವುದೂ ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವೇ ಇದೆ. ತಲಾ ೨೦ ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಗ್ರಂಥದಲ್ಲಿ ರಾಜನ ವಿನೋದಗಳ ಸಾಲಿಗೆ ಗಾಳದ ಮೀನುಬೇಟೆಯೂ ಸೇರಿದೆ. ಸಮುದ್ರದ ಮೀನು, ಸಿಹಿನೀರಿನ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂಬ ವಿಭಾಗಗಳೂ, ಯಾವ ಮೀನಿಗೆ ಯಾವ ಎರೆಯೆಂಬುದೂ, ಗಾಳ, ದಾರ, ಕೋಲುಗಳ ಲಕ್ಷಣಗಳೂ ಅಲ್ಲಿ ನಿರೂಪಿತವಾಗಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಈ ಭಾಗವನ್ನು ವಿವೇಚಿಸಿ ವಿದ್ವಾಂಸರ ಗಮನಕ್ಕೆ ತಂದರು. ಸೋಮೇಶ್ವರನ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರವೂ ಚಾಲುಕ್ಯರ ಅಧೀನದಲ್ಲಿದ್ದ ನಾಡು. ಏರಿಯ ಮೇಲೆ ಕೋಲು ಹಿಡಿದು ಕುಳಿತ ಇಂದಿನ ಹಳ್ಳಿಗನ ಕೈಯಲ್ಲಿರುವ ಸಾಧನಕ್ಕೂ, ಚಕ್ರವರ್ತಿಯು ಶಾಸ್ತ್ರವನ್ನಾಗಿ ಬರೆದಿಟ್ಟ ಸಾಧನಕ್ಕೂ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಬರವಣಿಗೆಯಲ್ಲಿ: ಅರಸನ ವಿನೋದವು ಗ್ರಂಥಸ್ಥವಾಯಿತು, ಹಳ್ಳಿಗನ ವಿದ್ಯೆಯು ಕೈಯಿಂದ ಕೈಗೆ ಮಾತ್ರ ಬಂದಿತು.

೫. ನಾಲ್ಕು ತಟಾಕಶಾಸನಗಳು

ಇನ್ನು ಅರಸರ ಕೆರೆಗಳ ವಿಷಯ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದು ಇದೆ. ಅದರ ಮೇಲಣ ಪ್ರಾಕೃತ ಶಾಸನವು ಚುಟುಕುಲದ ಶಾತಕರ್ಣಿಯೊಬ್ಬನ ಆಳಿಕೆಯ ೧೨ನೆಯ ವರ್ಷದ್ದು, ಕದಂಬರಿಗಿಂತ ಹಿಂದಿನದು. ರಾಜಪುತ್ರಿಯೊಬ್ಬಳು ನಾಗವನ್ನೂ, ತಟಾಕವನ್ನೂ, ವಿಹಾರವನ್ನೂ ಮಾಡಿಸಿದಳೆಂಬುದು ಅದರ ವಿಷಯ. ಈ ಶಿಲೆಯನ್ನು ಕುರಿತು ಬರೆದವರು ಅದರ ಶಿಲ್ಪವನ್ನೂ, ಶಿಲ್ಪಿಯ ಹೆಸರನ್ನೂ, ರಾಜವಂಶವನ್ನೂ ಬಹಳವಾಗಿ ಚರ್ಚಿಸಿದ್ದಾರೆ. ಮೂರು ದಾನಗಳ ನಡುವೆ ಕೆರೆಯೂ ಇದ್ದಿತೆಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ನಾಗನು ನೀರಿನ ದೇವತೆ; ಆದುದರಿಂದ ನಾಗಶಿಲೆಯೂ ಕೆರೆಯೂ ಒಂದೇ ದಾನದಲ್ಲಿ ಜೊತೆಗೂಡಿರುವುದು ಆಕಸ್ಮಿಕವೆನ್ನಲಾಗದು.

ಎರಡನೆಯದು ಬನವಾಸಿಯಿಂದ ದೂರದ್ದು, ಆದರೆ ಬನವಾಸಿಯ ಅರಸನದೇ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮೂಲಪುರುಷನಾದ ಮಯೂರಶರ್ಮನ ಪ್ರಾಕೃತ ಶಾಸನವುಂಟು. ಡಾ. ಎಂ. ಎಚ್. ಕೃಷ್ಣ ಅವರು ಇದನ್ನು ೧೯೨೯ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವುವೆನ್ನಲಾದ ರಾಜ್ಯಗಳ ಹೆಸರುಗಳ ವಿಷಯದಲ್ಲಿ ವಿದ್ವಾಂಸರಿಗೆ ಅಭಿಪ್ರಾಯಭೇದವಿದೆ. ಆದರೆ ಶಾಸನದ ನಿಮಿತ್ತವು ಕೆರೆಯೆಂಬುದು ಪ್ರಸಿದ್ಧ.

ಮೂರನೆಯದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ. ಮಯೂರಶರ್ಮನು ಕಾಂಚಿಗೆ ವಿದ್ಯಾರ್ಥಿಯಾಗಿ ಹೋಗಿ, ಅಪಮಾನಿತನಾಗಿ, ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದ ಕಥೆಗೆ ಇದೇ ಆಧಾರ. ಕುಬ್ಜನೆಂಬ ಕವಿಯ ಈ ಸಂಸ್ಕೃತ ಕಾವ್ಯವನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಕುಬ್ಜನು ಕಾವ್ಯವನ್ನು ಬರೆದುದು ಏತಕ್ಕೆ? ಕಾಕುಸ್ಥವರ್ಮನು ಸ್ಥಾನಕುಂದೂರಿನ ಶಿವಾಲಯದ ಬಳಿ ಮಹಾತಟಾಕವನ್ನು ಮಾಡಿಸಿದುದನ್ನು ಶಾಶ್ವತಗೊಳಿಸುವುದಕ್ಕೆ. ವಂಶಾವಳಿ, ಕಾಂಚಿಯ ಪ್ರಸಂಗ, ಪಲ್ಲವರೊಡನೆ ಯುದ್ಧ ಇವೆಲ್ಲವೂ ಆ ಕೆರೆಗೆ ಪೀಠಿಕೆ. ಕೆರೆಯನ್ನು ಕಟ್ಟಿಸದಿದ್ದರೆ ಈ ಕಾವ್ಯವೂ ಹುಟ್ಟುತ್ತಿರಲಿಲ್ಲ. ಕದಂಬರ ಉದಯದ ವೃತ್ತಾಂತವೂ ಈ ರೂಪದಲ್ಲಿ ಉಳಿಯುತ್ತಿರಲಿಲ್ಲ.

ನಾಲ್ಕನೆಯದೇ ಗುಡ್ನಾಪುರದ್ದು.

೬. ಗುಡ್ನಾಪುರ

ಗುಡ್ನಾಪುರದ ಶಿಲಾಸ್ತಂಭದ ಶಾಸನವನ್ನು ಡಾ. ಬಾ. ರಾ. ಗೋಪಾಲ್ ಅವರು ೧೯೭೩ರಲ್ಲಿ, ಡಾ. ಎಸ್. ಶ್ರೀಕಂಠಶಾಸ್ತ್ರಿಗಳಿಗೆ ಅರ್ಪಿತವಾದ ‘ಶ್ರೀಕಂಠಿಕಾ’ ಎಂಬ ಸಂಪುಟದಲ್ಲಿ ಪ್ರಕಟಿಸಿದರು. ಇದು ಕದಂಬ ರವಿವರ್ಮನದು. ಅವನ ಆಳಿಕೆಯನ್ನು ಕ್ರಿ. ಶ. ಐದನೆಯ ಶತಮಾನದ ಕೊನೆ ಮತ್ತು ಆರನೆಯ ಶತಮಾನದ ಮೊದಲಿಗೆ ಇಡುತ್ತಾರೆ. ಭಾಷೆ ಸಂಸ್ಕೃತ. ಇದರ ಪ್ರಯೋಜನವು ಮೂರು ಬಗೆಯಾಗಿದೆ.

ಮೊದಲನೆಯದು ವಂಶಾವಳಿ. ತಾಳಗುಂದದ ಶಾಸನದಲ್ಲಿ ಮಯೂರಶರ್ಮನು ವೀರಶರ್ಮನೊಡನೆ ಕಾಂಚಿಗೆ ಹೋದನೆಂದಿದ್ದು, ಅವರಿಬ್ಬರ ಸಂಬಂಧವು ಸ್ಫುಟವಾಗಿರಲಿಲ್ಲ. ವೀರಶರ್ಮನು ಮಯೂರನ ಅಜ್ಜನೆಂಬುದೂ, ನಡುವೆ ಬಂಧುಷೇಣನೆಂಬ ತಂದೆಯಿದ್ದನೆಂಬುದೂ ಗುಡ್ನಾಪುರದ ಶಾಸನದಿಂದ ತಿಳಿಯಿತು.

ಎರಡನೆಯದು ಕಾಮಜಿನಾಲಯ. ರವಿವರ್ಮನು ಕಾಮನಿಗೆ ಆಲಯವನ್ನು ಕಟ್ಟಿಸಿ, ವಸಂತಕಾಲದ ಉತ್ಸವಕ್ಕೂ ಪೂಜೆಗೂ ಭೂಮಿಯನ್ನು ಬಿಟ್ಟನೆಂದು ಶಾಸನವು ತಿಳಿಸುತ್ತದೆ. ಅರಮನೆ, ನೃತ್ಯಶಾಲೆಗಳ ಪ್ರಸ್ತಾಪವೂ ಅಲ್ಲಿ ಬರುತ್ತದೆ. ಈ ಕಾಮನು ಮನ್ಮಥನೋ, ಜೈನ ಪರಂಪರೆಯಲ್ಲಿ ಕಾಮದೇವನೆನಿಸಿಕೊಂಡ ಬಾಹುಬಲಿಯೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಪುರಾತತ್ತ್ವ ಇಲಾಖೆಯ ಉತ್ಖನನದಲ್ಲಿ ಇಟ್ಟಿಗೆಯ ಕಟ್ಟಡಗಳ ಅವಶೇಷಗಳು ಹೊರಬಿದ್ದುದರಿಂದ, ಇಂದು ಸಣ್ಣ ಹಳ್ಳಿಯಾಗಿರುವ ಈ ಸ್ಥಳವು ಒಂದು ಕಾಲಕ್ಕೆ ಬನವಾಸಿಯ ಅರಸರ ಪ್ರಮುಖ ನೆಲೆಗಳಲ್ಲೊಂದಾಗಿದ್ದಿತೆಂಬುದಕ್ಕೆ ಪುಷ್ಟಿ ದೊರೆತಿದೆ.

ಮೂರನೆಯದು, ಪ್ರಕೃತ ವಿಷಯಕ್ಕೆ ಎಲ್ಲಕ್ಕಿಂತಲೂ ಮುಖ್ಯವಾದುದು, ಗುಡ್ಡತಟಾಕವೆಂಬ ಹೆಸರು. ಶಾಸನದಲ್ಲಿ ಬರುವ ಈ ತಟಾಕವನ್ನು ಈಗಿನ ಗುಡ್ನಾಪುರದ ಕೆರೆಯೆಂದು ಗುರುತಿಸಲಾಗಿದೆ. ಸಂಸ್ಕೃತ ಶಾಸನದ ನಡುವೆ ‘ಗುಡ್ಡ’ ಎಂಬ ದೇಶ್ಯಪದವು ‘ತಟಾಕ’ವೆಂಬ ಸಂಸ್ಕೃತಪದದೊಡನೆ ಕೂಡಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ಕವಿಯು ಅರಸನನ್ನು ಸಂಸ್ಕೃತದಲ್ಲಿ ಹೊಗಳಬಹುದು; ಕೆರೆಯನ್ನು ಮಾತ್ರ ಅದರ ದಡದಲ್ಲಿ ಬಾಳುವವರು ಕರೆದಂತೆಯೇ ಕರೆಯಬೇಕಾಯಿತು. ಹಲ್ಮಿಡಿಯ ಶಾಸನಕ್ಕೆ ಬಹಳ ದೂರವಲ್ಲದ ಕಾಲದಲ್ಲಿ, ಕನ್ನಡ ನಾಡಿನ ರೈತನ ಬಾಯಮಾತೊಂದು ಹೀಗೆ ರಾಜಶಾಸನವನ್ನು ಪ್ರವೇಶಿಸಿದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ತರುವಾಯ ಇಂದಿಗೂ ಊರಿನ ಹೆಸರಿನ ಮೊದಲಲ್ಲಿ ಅದರ ಪ್ರತಿಧ್ವನಿಯು ಕೇಳಿಸುತ್ತಿದೆ. ಕಾಮನ ಆಲಯವಿಲ್ಲ, ಅರಮನೆಯಿಲ್ಲ, ನೃತ್ಯಶಾಲೆಗಳಿಲ್ಲ. ಶಾಸನೋಕ್ತವಾದವುಗಳಲ್ಲಿ ಇಂದಿಗೂ ಉಪಯೋಗದಲ್ಲಿರುವುದು ಕೆರೆ.

೭. ನೋಡುವ ಕ್ರಮ

ಈ ಸ್ಥಳಗಳನ್ನು ನೋಡಬಯಸುವ ಉಪಾಧ್ಯಾಯರು ಶಿರಸಿಯಿಂದ ಸುಮಾರು ೨೪ ಕಿಲೋಮೀಟರು ದೂರದ ಬನವಾಸಿಗೆ ಬಂದು, ಅಲ್ಲಿಂದ ಮೊದಲು ಗುಡ್ನಾಪುರಕ್ಕೆ ಹೋಗುವುದು ಲೇಸು. ಮಳೆ ಮುಗಿದ ಮೇಲೆ, ಕೆರೆಯು ತುಂಬಿರುವ ಕಾಲವು ನೋಟಕ್ಕೆ ಒಳ್ಳೆಯದು. ಕೆರೆಬೇಟೆಯನ್ನು ನೋಡಬೇಕೆನ್ನುವವರು ಬೇಸಗೆಯ ಕೊನೆಗೆ ಬಂದು, ಸುತ್ತಣ ಯಾವ ಊರಿನಲ್ಲಿ ಯಾವ ದಿನವೆಂಬುದನ್ನು ಊರವರನ್ನೇ ಕೇಳಿ ತಿಳಿಯಬೇಕು. ಮೊದಲು ಏರಿಯನ್ನು ನಡೆದು, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಗುರುತಿಸಿ, ಬಳಿಕ ಶಾಸನಸ್ತಂಭವನ್ನೂ ಉತ್ಖನನದ ಸ್ಥಳವನ್ನೂ ನೋಡಿ, ಕೊನೆಗೆ ಬನವಾಸಿಗೆ ಹಿಂದಿರುಗಿ ನಾಗಶಿಲೆಯ ಮುಂದೆ ನಿಲ್ಲಬೇಕು. ಸಮಯವಿದ್ದವರು ತಾಳಗುಂದಕ್ಕೂ ಹೋಗಿಬರಬಹುದು. ಹೀಗೆ ಕೆರೆಯಿಂದ ಶಾಸನಕ್ಕೆ ನಡೆದವನಿಗೆ ಶಾಸನದಲ್ಲಿ ‘ತಟಾಕ’ವೆಂಬ ಮಾತು ಬಂದಾಗ ಕಣ್ಣಿಗೆ ನೀರು ಕಟ್ಟುತ್ತದೆ, ಶಾಸನದಿಂದ ಕೆರೆಗೆ ನಡೆದವನಿಗೆ ಅದು ಕೇವಲ ಶಬ್ದವಾಗಿ ಉಳಿಯುವ ಸಂಭವವುಂಟು.

೮. ಉಪಸಂಹಾರ

ಮೇಲ್ಕಂಡ ವಿವರಣೆಯಿಂದ ಒಂದು ವಿಷಯವು ಸಿದ್ಧವಾಗುತ್ತದೆ. ಬನವಾಸಿ ಸೀಮೆಯ ಪ್ರಾಚೀನ ಚರಿತ್ರೆಯನ್ನು ರಾಜವಂಶಗಳ ಚರಿತ್ರೆಯಾಗಿ ಬರೆದುದಾಗಿದೆ. ಕೆರೆಗಳ ಚರಿತ್ರೆಯಾಗಿ ಬರೆಯುವ ಕೆಲಸವು ಬಹುಮಟ್ಟಿಗೆ ಉಳಿದಿದೆ. ಆ ಕೆಲಸಕ್ಕೆ ಶಾಸನಗಳಷ್ಟೇ ಸಾಲವು. ಯಾವ ತೂಬಿನಿಂದ ಯಾವ ಗದ್ದೆಗೆ ನೀರು, ಯಾವ ಮಡುವಿನಲ್ಲಿ ಬೇಸಗೆಯಲ್ಲಿಯೂ ಮೀನು ನಿಲ್ಲುತ್ತದೆ, ಎಲ್ಲಿ ಹೂಳು ಹೆಚ್ಚು ಎಂಬುದನ್ನು ಬಲ್ಲವರು ನೀರುಗಂಟಿಗಳು, ಬೆಸ್ತರು, ಕೂಣಿ ಹೆಣೆಯುವವರು. ಅವರ ಮಾತುಗಳನ್ನು, ಕೆರೆಯ ಅಂಗಾಂಗಗಳಿಗೆ ಅವರಿಟ್ಟ ಹೆಸರುಗಳನ್ನು, ಮೀನುಗಳ ಗ್ರಾಮ್ಯನಾಮಗಳನ್ನು ಊರೂರಿಗೆ ಹೋಗಿ ಬರೆದಿಡುವುದು ಸಾಹಿತ್ಯ ಪರಿಷತ್ತುಗಳಿಗೂ ಶಾಲೆಗಳಿಗೂ ತಕ್ಕ ಉದ್ಯೋಗ.

ಈ ಉದ್ಯೋಗಕ್ಕೆ ವಿಳಂಬವು ಸಲ್ಲದು. ಸೂಪಾ ಊರು ಒಮ್ಮೆಗೇ ಮುಳುಗಿತು. ಅದನ್ನು ಎಲ್ಲರೂ ಕಂಡರು. ಕೆರೆಯು ನಾಶವಾಗುವುದು ಹಾಗಲ್ಲ. ವರ್ಷಕ್ಕೊಂದು ಪದರ ಹೂಳು ಕೂಡಿ, ಅಂಚಿನಲ್ಲಿ ಒಂದೊಂದು ಹೊಲ ಮುಂದಕ್ಕೆ ಸರಿದು, ಯಾರ ಕಣ್ಣಿಗೂ ಬೀಳದೆ ಅದು ಬಯಲಾಗುತ್ತದೆ. ಆಗ ಶಾಸನಸ್ತಂಭವು ನಿಂತೇ ಇದ್ದರೂ, ಅದು ಹೇಳುವ ತಟಾಕವೆಲ್ಲಿಯೆಂದು ಕೇಳಬೇಕಾದೀತು. ಕಲ್ಲಿನ ಮೇಲಣ ಅಕ್ಷರಗಳನ್ನು ಓದುವುದಕ್ಕೆ ವಿದ್ವಾಂಸರಿದ್ದಾರೆ. ಆ ಅಕ್ಷರಗಳ ಅರ್ಥವು ಏರಿಯ ಒಳಗೆ ನಿಂತಿರುವಷ್ಟು ಕಾಲ ಗಾಳ ಹಾಕುವವನಿಗೂ ಮೀನು ಸಿಕ್ಕೀತು, ಗದ್ದೆಗೂ ನೀರು ಹರಿದೀತು.